ಹಾಕ್ ಪಾಪ್-ಅಪ್ ಕ್ಯಾಂಪರ್: ಮನೆ ಚೆನ್ನಾಗಿದೆ, ಮೊದ್ಲು ಟ್ರಕ್ಕಿನ ಬಾಗಿಲು ತೆಗೆದು ನೋಡಿ

ಎರಡು ವರ್ಷದಿಂದ ಫೋರ್ ವೀಲ್ ಕ್ಯಾಂಪರ್ಸ್‌ನವರ ಹಾಕ್ ಅನ್ನೋ ಪಾಪ್-ಅಪ್ ಕ್ಯಾಂಪರ್ ಇಟ್ಕೊಂಡಿದೀವಿ, ಸೆಕೆಂಡ್ ಹ್ಯಾಂಡ್. ಕ್ಯಾಲಿಫೋರ್ನಿಯಾ ಬೇ ಏರಿಯಾದ ನಮ್ಮ ಫ್ರೆಂಡ್ಸು ಮನೆಗೆ ಬಂದಾಗೆಲ್ಲಾ ಡ್ರೈವ್‌ವೇನಲ್ಲಿ ಅದನ್ನ ನೋಡಿ "ಇದೇನ್ರೀ, ಟ್ರಕ್ ಮೇಲೆ ಪೆಟ್ಟಿಗೆ ಅಂಗಡಿ ಇಟ್ಟಿದೀರ" ಅಂತ ನಗ್ತಾರೆ, ಒಳಗೆ ಹತ್ತಿ ನೋಡಿ ಇಳಿದ್ಮೇಲೆ "ನಮ್ ಟ್ರಕ್ಕಿಗೂ ಕೂರುತ್ತಾ ಇದು?" ಅಂತ ಕೇಳ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯ್ತು, ಅದಕ್ಕೇ ಬರೀತಿದೀನಿ.

ಗೊತ್ತಿಲ್ಲದವರಿಗೆ ಎರಡು ಮಾತು. ಪಿಕಪ್ ಟ್ರಕ್ಕಿನ ಹಿಂದೆ ಸಾಮಾನು ಹಾಕೋ ಬೆಡ್ ಇರುತ್ತಲ್ಲ, ಅದರೊಳಗೆ ಕೂರೋ ಅಲ್ಯೂಮಿನಿಯಂ ಫ್ರೇಮಿನ ಡಬ್ಬ ಇದು, ಮೂತಿ ಕ್ಯಾಬಿನ್ ಮೇಲೆ ಚಾಚ್ಕೊಂಡಿರುತ್ತೆ, ಅಲ್ಲೇ ಹಾಸಿಗೆ. ಓಡಿಸುವಾಗ ಚಾವಣಿ ಕೆಳಗೆ, ನಿಂತ್ಮೇಲೆ ಮೇಲಕ್ಕೆತ್ತಿದ್ರೆ ಸುತ್ತ ಕ್ಯಾನ್ವಾಸ್ ಗೋಡೆ. ಫ್ರಿಜ್ಜು, ಸ್ಟೌವು, ಹೀಟರ್, ನೀರಿನ ಟ್ಯಾಂಕು ಎಲ್ಲಾ ಇದೆ. ಇವರ ಫ್ಯಾಕ್ಟರಿ ಸ್ಯಾಕ್ರಮೆಂಟೊ ಪಕ್ಕದ ವುಡ್‌ಲ್ಯಾಂಡ್‌ನಲ್ಲಿದೆ. ಹಾಕ್ ಅಂದ್ರೆ ಫುಲ್ ಸೈಜ್ ಟ್ರಕ್ಕಿನ 6.5 ಅಡಿ ಬೆಡ್ಡಿಗೆ ಮಾಡಿದ್ದು, 8 ಅಡಿಯದಕ್ಕೆ ಗ್ರ್ಯಾಂಡ್‌ಬಿ, ಟೊಯೋಟಾ ಟಕೋಮಾ ತರದ ಚಿಕ್ಕ ಟ್ರಕ್ಕಿಗೆ ಫ್ಲೀಟ್.

ನನ್ನ ಹತ್ರ ಆಗ ಇದ್ದಿದ್ದು ಫೋರ್ಡ್ ಎಫ್-150, ನಾಲ್ಕು ಬಾಗಿಲಿಂದು, 6.5 ಅಡಿ ಬೆಡ್ಡು, ಲೆದರ್ ಸೀಟು, ಪ್ಯಾನೊರಮಿಕ್ ಸನ್‌ರೂಫು, ಕರೆಂಟಿನಲ್ಲಿ ಇಳಿಯೋ ಫುಟ್‌ಬೋರ್ಡು. ಅಳತೆ ಟೇಪ್ ಹಿಡಿದು ನೋಡಿದೆ, ಉದ್ದ ಸರಿಹೋಯ್ತು, ಚಕ್ರದ ಉಬ್ಬುಗಳ ನಡುವಿನ ಅಗಲ ಸರಿಹೋಯ್ತು, ಜಾತಕ ಕೂಡ್ತು ಅನ್ಕೊಂಡೆ. ಟ್ರಕ್ ಮಾರಿದ ಡೀಲರ್ ಹತ್ರ ಫೋನ್ ಮಾಡಿ ಕೇಳಿದ್ರೆ ಸೇಲ್ಸ್‌ನವನು "ಹತ್ತು ಸಾವಿರ ಪೌಂಡ್ ಎಳೆಯೋ ಗಾಡಿ ಸಾರ್, ಇದ್ಯಾವ ಲೆಕ್ಕ" ಅಂದ.

ಎಡವಿದ್ದು ಅಲ್ಲೇ. ಎಳೆಯೋದು ಬೇರೆ ಹೊರೋದು ಬೇರೆ. ಎತ್ತಿನ ಗಾಡಿಗೆ ಹತ್ತು ಮೂಟೆ ಹೇರಿದ್ರೆ ಎತ್ತು ಎಳ್ಕೊಂಡು ಹೋಗುತ್ತೆ, ಅದೇ ಹತ್ತು ಮೂಟೆ ಅದರ ಬೆನ್ನಿಗೇ ಹೇರಿದ್ರೆ? ನಮ್ಮೂರಲ್ಲಿ ಚಿಕ್ಕ ಹುಡುಗನಿಗೂ ಗೊತ್ತಿರೋ ವಿಷಯ, ಮೂವತ್ತು ವರ್ಷ ಓದಿ ಕೆಲಸ ಮಾಡಿದ ನನಗೆ ಹೊಳೀಲಿಲ್ಲ ನೋಡಿ.

ಮೊದಲ ಟ್ರಿಪ್ ಯೊಸೆಮಿಟಿ ಮೇಲೆ ಟಯೋಗಾ ಪಾಸ್ ದಾಟಿ 395 ಹೈವೇ ಹಿಡಿದು ಲೋನ್ ಪೈನ್ ತನಕ. ಹೋಗುವಾಗ ಹಿಂಭಾಗ ಜಗ್ಗಿ ಹೆಡ್‌ಲೈಟು ಮರದ ತುದಿ ತೋರಿಸ್ತಿತ್ತು, ಸ್ಟೇರಿಂಗ್ ಹಗುರ ಆದಂಗಿತ್ತು, ಹೊಸದಲ್ವಾ ಹಾಗೇ ಇರುತ್ತೆ ಅಂತ ಸುಮ್ನಾದೆ. ವಾಪಸ್ ಬರ್ತಾ ಹೈವೇ 120ರಲ್ಲಿ ಪ್ರೀಸ್ಟ್ ಗ್ರೇಡ್ ಇಳಿಯೋವಾಗ ಇದೆಯಲ್ಲ, ಚಾರ್ಮಾಡಿ ಘಾಟಿ ತರಾನೇ ತಿರುವು ಮೇಲೆ ತಿರುವು, ಒಂದ್ಕಡೆ ಪ್ರಪಾತ. ಗೇರ್ ಕೆಳಗಿಳಿಸಿದ್ರೂ ಗಾಡಿ ನೂಕ್ತಿತ್ತು, ಅರ್ಧ ದಾರೀಲಿ ಬ್ರೇಕ್ ಸುಟ್ಟ ವಾಸನೆ, ಹೆಂಡತಿ ಮಾತಾಡೋದೇ ನಿಲ್ಲಿಸಿಬಿಟ್ಟಳು, ಅದು ಇನ್ನೂ ಭಯ.

ಕೆಳಗಿಳಿದು ಬಯಲು ಸಿಕ್ಕಿದ್ಮೇಲೆ ಹೈವೇ 99 ಪಕ್ಕದ ಒಂದು ಟ್ರಕ್ ಸ್ಟಾಪಿಗೆ ಹೋಗಿ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿದೆ. ಇದು ದೊಡ್ಡ ಲಾರಿ ತೂಗೋ ವೇಬ್ರಿಡ್ಜು, ನಾವೂ ತೂಗಿಸ್ಕೋಬಹುದು, ಹದಿನೈದು ಡಾಲರ್ ಆಸುಪಾಸು. ಮುಂದಿನ ಚಕ್ರ ಒಂದು ಹಲಗೆ ಮೇಲೆ, ಹಿಂದಿನದು ಇನ್ನೊಂದರ ಮೇಲೆ, ಗುಂಡಿ ಒತ್ತಿದ್ರೆ ಒಳಗಿಂದ ಒಂದು ದನಿ ಯಾವ ಕಂಪನಿ ಗಾಡಿ ಅಂತ ಕೇಳುತ್ತೆ, ಪ್ರೈವೇಟ್ ಅಂದೆ. ಚೀಟಿ ಬಂತು. ಮುಂದಿನ ಆಕ್ಸಲ್ 3,420, ಹಿಂದಿನದು 4,220, ಒಟ್ಟು 7,640 ಪೌಂಡ್. ಡ್ರೈವರ್ ಬಾಗಿಲು ತೆಗೆದು ಸ್ಟಿಕ್ಕರ್ ಓದಿದೆ (ಅಲ್ಲಿಯವರೆಗೂ ಓದಿರಲಿಲ್ಲ, ನಾಚಿಕೆಗೇಡು): ಗಾಡಿ ಒಟ್ಟು 7,050 ದಾಟಬಾರದು, ಹಿಂದಿನ ಆಕ್ಸಲ್ ಮೇಲೆ 3,800. ಪಕ್ಕದಲ್ಲೇ ಹಳದಿ ಪಟ್ಟಿ ಇರೋ ಇನ್ನೊಂದು ಸ್ಟಿಕ್ಕರ್, ಜನ ಮತ್ತು ಸಾಮಾನು ಸೇರಿ 1,490 ಪೌಂಡ್ ಮೀರಬಾರದು. ನೀವು ಇಡೀ ಬ್ರೋಷರ್ ಓದದಿದ್ರೂ ಪರವಾಗಿಲ್ಲ, ಆ ಹಳದಿ ಸ್ಟಿಕ್ಕರ್ ಒಂದನ್ನ ಓದಿ. ಅದು ನಿಮ್ಮ ಗಾಡಿಗೇ ಅಂತ ಲೆಕ್ಕ ಹಾಕಿ ಅಂಟಿಸಿರೋದು, ಪಕ್ಕದ ಮನೆಯವರ ಅದೇ ಮಾಡೆಲ್ ಗಾಡೀಲಿ ನಂಬರ್ ಬೇರೆ ಇರುತ್ತೆ. ನಾನು ಆಸೆಪಟ್ಟು ತಗೊಂಡ ಸನ್‌ರೂಫು, ಫುಟ್‌ಬೋರ್ಡು ಎಲ್ಲಾ ಆ ಪೇಲೋಡ್‌ನಲ್ಲೇ (ಅಂದ್ರೆ ಗಾಡಿ ಹೊರಬಹುದಾದ ಭಾರದಲ್ಲೇ) ಕಳೆದುಹೋಗಿರೋದು.

ಮನೆಗೆ ಬಂದು ಪೇಪರ್ ಮೇಲೆ ಕೂಡಿಸಿದೆ. ನಾವು ಮೂರು ಜನ 370. ನೀರು ಗ್ಯಾಲನ್‌ಗೆ 8.3 ಪೌಂಡು, 20 ಗ್ಯಾಲನ್ ಟ್ಯಾಂಕ್ ತುಂಬಿಸಿದ್ರೆ 166. ಗ್ಯಾಸ್ ಸಿಲಿಂಡರ್ ಎರಡು, 50. ಬಟ್ಟೆ, ಕುಕ್ಕರು, ದಿನಸಿ, ಕುರ್ಚಿ, ನಮ್ಮತ್ತೆ ಕೊಟ್ಟಿದ್ದ ಚಕ್ಲಿ ಡಬ್ಬ ಸೇರಿ 180. ಚೀಟಿಯ 7,640ರಲ್ಲಿ ಖಾಲಿ ಟ್ರಕ್ಕಿನ ತೂಕ (7,050ರಲ್ಲಿ 1,490 ಹೋದ್ರೆ 5,560) ಮತ್ತು ಇದನ್ನೆಲ್ಲಾ ಕಳೆದ್ರೆ ಕ್ಯಾಂಪರ್ ಒಂದೇ 1,300ರ ಮೇಲೆ ಬಂತು! ಯಾವ ಕಂಪನಿಯವರೇ ಆಗ್ಲಿ ಬ್ರೋಷರ್‌ನಲ್ಲಿ ಹಾಕೋದು ಡ್ರೈ ವೇಟು, ನೀರು ಗ್ಯಾಸ್ ಇಲ್ದೆ, ಎಷ್ಟೋ ಸಲ ಫ್ರಿಜ್ಜು ಹೀಟರ್ರು ಆನಿಂಗು ಬ್ಯಾಟರಿ ಸೋಲಾರ್ ಯಾವುದೂ ಸೇರಿಸದೆ, ಅಂದ್ರೆ ಮದುವೆ ಖರ್ಚು ಹೇಳುವಾಗ ಬರೀ ಛತ್ರದ ಬಾಡಿಗೆ ಹೇಳಿದಂಗೆ.

ಆಮೇಲೆ ಎಲ್ಲರೂ ಮಾಡೋ ಪ್ರಯೋಗ ನಾನೂ ಮಾಡಿದೆ. ಹಿಂದಿನ ಸ್ಪ್ರಿಂಗಿಗೆ ಆಸರೆ ಕೊಡೋ ಗಾಳಿ ಚೀಲ (ಏರ್ ಬ್ಯಾಗ್) ಹಾಕಿಸಿದೆ, ಜಾಸ್ತಿ ಭಾರ ತಡೆಯೋ ಲೋಡ್ ರೇಂಜ್ ಇ ಎಲ್‌ಟಿ ಟೈರ್ ಹಾಕಿಸಿದೆ. ಜಗ್ಗೋದು ನಿಂತೋಯ್ತು, ಓಲಾಡೋದು ಕಮ್ಮಿ ಆಯ್ತು, ನೋಡೋಕೆ ಗಾಡಿ ನೆಟ್ಟಗೆ ನಿಂತಿತ್ತು. ಆದ್ರೆ ಆಕ್ಸಲ್ ಅದೇ, ಬ್ರೇಕ್ ಅದೇ, ಫ್ರೇಮ್ ಅದೇ, ಬಾಗಿಲಿನ ಸ್ಟಿಕ್ಕರೂ ಅದೇ 1,490. ಸೊಂಟ ನೋವಿಗೆ ಬೆಲ್ಟ್ ಕಟ್ಕೊಂಡು ಅಕ್ಕಿ ಮೂಟೆ ಹೊತ್ತಂಗೆ. ಆ ದುಡ್ಡು ದಂಡ.

ಕೊನೆಗೆ ಕ್ಯಾಂಪರ್ ಉಳಿಸ್ಕೊಂಡು ಟ್ರಕ್ ಮಾರಿದೆ, ಸೆಕೆಂಡ್ ಹ್ಯಾಂಡ್ ಎಫ್-250 ತಂದೆ, ಎಕ್ಸ್‌ಎಲ್‌ಟಿ, 6.2 ಲೀಟರ್ ಪೆಟ್ರೋಲ್ ವಿ8, ಬೆಡ್ಡು 6.75 ಅಡಿ. ಡೀಸೆಲ್ ತಗೋಳೋ ಚಪಲ ಇತ್ತು, ಆದ್ರೆ ಡೀಸೆಲ್ ಇಂಜಿನ್ನೇ ಭಾರ, ಅದೂ ಪೇಲೋಡ್ ತಿನ್ನುತ್ತೆ. ಈ ಸಲ ಲಾಟ್‌ನಲ್ಲಿ ಟೆಸ್ಟ್ ಡ್ರೈವ್‌ಗಿಂತ ಮುಂಚೆ ಒಂದೊಂದು ಗಾಡಿ ಬಾಗಿಲೂ ತೆಗೆದು ಸ್ಟಿಕ್ಕರ್ ಫೋಟೋ ತೆಗೀತಾ ಹೋದೆ, ಸೇಲ್ಸ್‌ನವರು ವಿಚಿತ್ರವಾಗಿ ನೋಡಿದ್ರು. ನಮಗೆ ಸಿಕ್ಕಿದ್ದರಲ್ಲಿ 3,050 ಪೌಂಡ್. ಅದೇ ಪ್ರೀಸ್ಟ್ ಗ್ರೇಡನ್ನ ಈಗ ಇಳಿದ್ರೆ ಹಿಂದೆ ಕ್ಯಾಂಪರ್ ಇರೋದೇ ಮರೆತುಹೋಗುತ್ತೆ, ಹೆಂಡತಿ ಮಾತು ಮುಂದುವರೆಯುತ್ತೆ. ಕ್ಯಾಂಪರ್ ಇಳಿಸಿ ಖಾಲಿ ಓಡಿಸಿದ್ರೆ ಮಾತ್ರ ಕೆಂಪು ಬಸ್ಸಿನ ಹಿಂದಿನ ಸೀಟು, ಮೈಲೇಜು ಕ್ಯಾಂಪರ್ ಹೊತ್ತಾಗ ಗ್ಯಾಲನ್‌ಗೆ 12 ಮೈಲಿ ಆಸುಪಾಸು. ಹೊಸ ಟ್ರಕ್ಕಿನ ಬೆಡ್ ಗೋಡೆ ಎತ್ತರ ಜಾಸ್ತಿ, ಕ್ಯಾಂಪರ್ ರೆಕ್ಕೆ (ಬೆಡ್ ಗೋಡೆ ಮೇಲೆ ಚಾಚ್ಕೊಂಡಿರೋ ಪಕ್ಕದ ಭಾಗ) ಅದಕ್ಕೆ ತಾಗೋ ಹಂಗಿತ್ತು, ಅಡಿಯಲ್ಲಿ ಪ್ಲೈವುಡ್ ಕೊಟ್ಟು ಅದರ ಮೇಲೆ ರಬ್ಬರ್ ಮ್ಯಾಟ್ ಹಾಸಿ ಎತ್ತರಿಸಿದ್ವಿ. ಪ್ಲಾಸ್ಟಿಕ್ ಬೆಡ್ ಲೈನರ್ ಇದ್ರೆ ಕಿತ್ತು ಬಿಸಾಕಿ, ಅದರ ಮೇಲೆ ಕ್ಯಾಂಪರ್ ಜಾರುತ್ತೆ. ಬೆಡ್ಡಿನ ಮೂಲೆಗಳಲ್ಲಿ ಕೊಂಡಿ ಹಾಕಿ ಟರ್ನ್‌ಬಕಲ್ ಅನ್ನೋ ತಿರುಗಿಸಿ ಬಿಗಿಯೋ ತಿರುಪಿನಿಂದ ಕಟ್ಟೋದು, ಮಣ್ಣು ರೋಡಲ್ಲಿ ಅವು ಸಡಿಲ ಆಗ್ತವೆ, ಐವತ್ತು ಮೈಲಿಗೊಂದ್ಸಲ ಕೈ ಹಾಕಿ ನೋಡಿ.

ಅಂದಹಾಗೆ 5.5 ಅಡಿ ಬೆಡ್ಡಿರೋ ಗಾಡಿಗೆ ಹಾಕ್ ಹಾಕ್ತೀನಿ, ಒಂದಡಿ ಹೊರಗಿದ್ರೆ ಏನಾಯ್ತು ಅನ್ನೋರೂ ಇದಾರೆ. ಟ್ರಕ್ ಜೊತೆ ಕೊಡೋ ಪುಸ್ತಕದಲ್ಲಿ ಕ್ಯಾಂಪರ್‌ಗೆ ಅಂತಾನೇ ಒಂದು ಚಿತ್ರ ಇರುತ್ತೆ, ಭಾರದ ನಡುಬಿಂದು ಹಿಂದಿನ ಆಕ್ಸಲ್‌ಗಿಂತ ಮುಂದೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅಂತ. ಅದು ಹಿಂದಕ್ಕೆ ಸರಿದ್ರೆ ಏತದ ತರ ಮುಂದಿನ ಚಕ್ರ ಹಗುರ ಆಗುತ್ತೆ.

ಇನ್ನು ಕ್ಯಾಂಪರ್ ವಿಷಯಕ್ಕೆ ಬಂದ್ರೆ ನಂಗೆ ತುಂಬಾ ಇಷ್ಟ ಆಗಿದೆ. ಮುಚ್ಚಿದಾಗ ತಗ್ಗಾಗಿರೋದ್ರಿಂದ ಗಾಳಿಗೆ ಅಲ್ಲಾಡಲ್ಲ, 395ರಲ್ಲಿ ಸಿಯೆರಾ ಕಡೆಯಿಂದ ಅಡ್ಡಗಾಳಿ ಹೊಡೆದಾಗ ಎತ್ತರದ ಆರ್‌ವಿಗಳು ಒದ್ದಾಡೋದು ನೋಡಿದ್ಮೇಲೆ ಇದರ ಬೆಲೆ ಗೊತ್ತಾಯ್ತು. ಚಾವಣಿ ಎತ್ತೋದು ಕೈಯಲ್ಲೇ, ಮೇಲೆ ಸೋಲಾರ್ ಇರೋದ್ರಿಂದ ಭುಜ ಕೊಡ್ಬೇಕು, ಇಳಿಸುವಾಗ ಮೇಲಿನ ಫ್ಯಾನ್ ಮುಚ್ಚಳ ತೆಗೆದಿಡಿ, ಇಲ್ದಿದ್ರೆ ಒಳಗಿನ ಗಾಳಿ ಹೋಗ್ದೆ ಕ್ಯಾನ್ವಾಸ್ ಬಲೂನ್ ಆಗುತ್ತೆ. ಚಳೀಲಿ ಯಾವ ಪಾಪ್-ಅಪ್ ಆದ್ರೂ ಬೆಳಿಗ್ಗೆ ಗೋಡೆ ಒದ್ದೆ, ಮೂರು ಜನ ಉಸಿರಾಡ್ತೀವಲ್ಲ, ಫ್ಯಾನ್ ಸ್ವಲ್ಪ ತೆರೆದಿಟ್ಟು ಹೀಟರ್ ಹಾಕಿದ್ರೆ ವಾಸಿ.

ಅಡುಗೆಗೆ ಒಳಗಿನ ಎರಡು ಒಲೆ ಸಾಕು. ಕುಕ್ಕರ್ ಮರೀಬೇಡಿ, ಟಯೋಗಾ ಪಾಸ್ 9,943 ಅಡಿ, ಅಲ್ಲಿ ಪಾತ್ರೇಲಿ ಬೇಳೆ ಬೇಯೋ ಹೊತ್ತಿಗೆ ಸಂಜೆ ಆಗುತ್ತೆ. ಒಗ್ಗರಣೆ ಮಾತ್ರ ಹೊರಗೆ, ಒಂದ್ಸಲ ಒಳಗೆ ಮೆಣಸಿನಕಾಯಿ ಹಾಕಿ ಸ್ಮೋಕ್ ಅಲಾರಂ ಬಡ್ಕೊಂಡು ಪಕ್ಕದ ಟೆಂಟಿನವರು ಎದ್ದು ಬಂದ್ರು, ಕ್ಯಾನ್ವಾಸ್‌ನಲ್ಲಿ ಇಂಗಿನ ವಾಸನೆ ವಾರ ಇತ್ತು.

ಈಗ ನಮಗೆ ಬಾಕಿ ಇರೋದು ಒಂದೇ ತಲೆನೋವು. ಕ್ಯಾಂಪರ್ ಹಾಕೋಕೆ ಟೈಲ್‌ಗೇಟ್ (ಬೆಡ್ಡಿನ ಹಿಂದಿನ ಬಾಗಿಲು) ಬಿಚ್ಚಿಡಬೇಕು, ರಿವರ್ಸ್ ಕ್ಯಾಮೆರಾ ಇರೋದು ಅದರಲ್ಲೇ, ಹಿಂದಿನ ಕಿಟಕೀಲಿ ಕಾಣೋದು ಬರೀ ಕ್ಯಾಂಪರ್ ಒಳಗಿನ ಫ್ರಿಜ್ಜು. ಇನ್ನೊಂದು ಕ್ಯಾಮೆರಾ ತಂದಿಟ್ಟು ಆರು ತಿಂಗಳಾಯ್ತು, ವೈರ್ ಎಳೆದಿಲ್ಲ. ಸದ್ಯಕ್ಕೆ ಮಗಳು ಇಳಿದು ಹಿಂದೆ ನಿಂತು "ಬರ್ಲಿ, ಬರ್ಲಿ, ರೈಟ್" ಅಂತ ಕಂಡಕ್ಟರ್ ಕೆಲಸ ಮಾಡ್ತಿದಾಳೆ.