ಕಾರ್ಡೋನಾಗೋ, ಟೂರ್ನೂಗೋ?

ಆರಂಭದ ರೋಮನೆಸ್ಕ್ (ಮಧ್ಯಯುಗದ ಯುರೋಪಿನ ದುಂಡು ಕಮಾನಿನ ಕಟ್ಟಡ ಶೈಲಿ) ಚರ್ಚುಗಳಲ್ಲಿ ಒಂದನ್ನು ಮಾತ್ರ ನೋಡಲು ಸಮಯವಿದೆಯಾ? ಸ್ಪೇನಿನ ಕಟಲೋನಿಯಾದ ಕಾರ್ಡೋನಾದಲ್ಲಿರುವ ಸಾಂಟ್ ವಿಸೆನ್ಸ್ ಚರ್ಚು ಬೆಟ್ಟದ ಮೇಲಿನ ಕೋಟೆಯೊಳಗಿದೆ. 1029ರ ಸುಮಾರಿಗೆ ಶುರುವಾಗಿ 1040ರಲ್ಲಿ ಪ್ರತಿಷ್ಠೆಯಾಯಿತು. ಹಾಗಾಗಿ ಒಂದೇ ಕೈಯ ಕೆಲಸದಂತೆ ಕಾಣುತ್ತದೆ. ಬರಿಗಲ್ಲು, ಕಮಾನು, ನೆರಳು, ಅಷ್ಟೇ.

ಫ್ರಾನ್ಸಿನ ಬರ್ಗಂಡಿಯ ಟೂರ್ನೂದಲ್ಲಿರುವ ಸೇಂಟ್ ಫಿಲಿಬೇರ್ ಚರ್ಚು ಹಂತಹಂತವಾಗಿ ಬೆಳೆದದ್ದು. ಅದರ ಜಾಣತನ ಇರುವುದು ಚಾವಣಿಯಲ್ಲಿ. ಪೀಪಾಯಿ ಸೀಳಿ ಬೋರಲು ಹಾಕಿದಂಥ ಕಮಾನು ಸಾಮಾನ್ಯವಾಗಿ ಉದ್ದಕ್ಕೆ ಸಾಗುತ್ತದೆ. ಇಲ್ಲಿ ಅಡ್ಡಡ್ಡ ಸಾಲಾಗಿ ಕೂರಿಸಿದ್ದಾರೆ! ಒಂದರ ಒತ್ತಡವನ್ನು ಪಕ್ಕದ್ದು ತಡೆಯುತ್ತದೆ. ಹೊರಗೋಡೆಗೆ ಭಾರ ಕಡಿಮೆ, ಹಾಗಾಗಿ ಮೇಲೆ ಧಾರಾಳ ಕಿಟಕಿ. ದಪ್ಪ ದುಂಡು ಕಂಬಗಳ ನಡುವೆಯೂ ಬೆಳಕು ತುಂಬಿದೆ.

ಟೂರ್ನೂಗೆ ರೈಲಿದೆ, ಕಾರ್ಡೋನಾಗೆ ಬಸ್ಸೇ ಗತಿ. ಆದರೂ ಶೈಲಿಯ ಬೇರು ನೋಡಬೇಕೆನ್ನುವವರಿಗೆ ನನ್ನ ಓಟು ಕಾರ್ಡೋನಾಗೇ.