ಕ್ಯಾಮೆರಾ ಒಂದೇ ಸಾಕಾ, ರೇಡಾರೂ ಬೇಕಾ? ದುರ್ಗ–ದಾವಣಗೆರೆ ರಸ್ತೆಯಲ್ಲಿ ಎರಡನ್ನೂ ಓಡಿಸಿದ ಮೇಲೆ

ಅಡಾಸ್, ಅಂದ್ರೆ ಬ್ರೇಕ್, ಸ್ಟಿಯರಿಂಗಿನಲ್ಲಿ ಚಾಲಕರಿಗೆ ತಾನಾಗಿ ನೆರವಾಗುವ ವ್ಯವಸ್ಥೆ, ಇದೆಯಾ ಅಂತ ಶೋರೂಮಿನಲ್ಲಿ ಎಲ್ಲರೂ ಕೇಳುತ್ತಾರೆ. ಅದು ರಸ್ತೆಯನ್ನು ಯಾವುದರಿಂದ ನೋಡುತ್ತದೆ ಅಂತ ಕೇಳುವವರು ಕಡಿಮೆ. ನನ್ನ ಕಾರಿನಲ್ಲಿ ಗಾಜಿನ ಹಿಂದೆ ಒಂದು ಕ್ಯಾಮೆರಾ, ಅಷ್ಟೇ. ಭಾವನ ಕಾರಿನಲ್ಲಿ ಕ್ಯಾಮೆರಾ ಜೊತೆ ಬಂಪರಿನಲ್ಲಿ ರೇಡಾರ್. ಎರಡೂ ಲೆವೆಲ್ 2, ಅಂದ್ರೆ ಏನೇ ಆದರೂ ಹೊಣೆ ಸ್ಟಿಯರಿಂಗ್ ಹಿಡಿದವರದ್ದೇ.

ಹೆದ್ದಾರಿ 48ರಲ್ಲಿ ಭಾವನ ಕಾರೇ ಮೇಲು. ಸಂಜೆ ದುರ್ಗ ಬಿಟ್ಟು ಭರಮಸಾಗರ ದಾಟುವಾಗ ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಾನೆ. ಆಗ ನನ್ನ ಕಾರು ಏನೂ ಕಾಣುತ್ತಿಲ್ಲ ಅಂತ ಪರದೆ ಮೇಲೆ ಬರೆದು, ಮುಂದಿನ ವಾಹನದಿಂದ ಅಂತರ ಕಾಯ್ದುಕೊಂಡು ವೇಗ ಹೊಂದಿಸುವ ಕ್ರೂಸ್ ಕಂಟ್ರೋಲನ್ನು ಬಿಟ್ಟುಬಿಡುತ್ತದೆ, ಭಾವನದ್ದು ಮುಂದಿನ ಲಾರಿಯ ಹಿಂದೆ ಆರಾಮಾಗಿ ಹೋಗುತ್ತಲೇ ಇರುತ್ತದೆ. ಕ್ಯಾಮೆರಾ ಚಿತ್ರ ನೋಡಿ ದೂರವನ್ನು ಅಂದಾಜು ಮಾಡುತ್ತದೆ. ರೇಡಾರ್ ಅಲೆ ಬಿಟ್ಟು, ಅದು ವಾಪಸ್ ಬರುವ ಸಮಯದಿಂದ ದೂರವನ್ನೂ ಆವರ್ತನದ ಏರಿಳಿತದಿಂದ ವೇಗವನ್ನೂ ಅಳೆಯುತ್ತದೆ. ಬಿಸಿಲು, ಕತ್ತಲೆ, ಸಣ್ಣ ಮಳೆ ಅದಕ್ಕೆ ಲೆಕ್ಕಕ್ಕಿಲ್ಲ. ಈ ಜಗಳ ದೊಡ್ಡವರಲ್ಲೂ ಇದೆ ಬಿಡಿ: ಟೆಸ್ಲಾ 2021ರಲ್ಲಿ ಅಮೆರಿಕದ ಮಾಡೆಲ್ 3, ಮಾಡೆಲ್ ವೈ ಕಾರುಗಳಿಂದ ರೇಡಾರ್ ತೆಗೆಯಿತು, ಚಾಲಕರಿಲ್ಲದ ಟ್ಯಾಕ್ಸಿ ಓಡಿಸುವ ವೇಮೋ ಲೈಡಾರ್ (ಲೇಸರ್ ಬೆಳಕಿನಿಂದ ದೂರ ಅಳೆಯುವ ಸಾಧನ) ಸಮೇತ ಎಲ್ಲವನ್ನೂ ಇಟ್ಟುಕೊಂಡಿದೆ.

ಆದ್ರೆ ನಿಂತ ವಸ್ತುವಿನ ಮುಂದೆ ರೇಡಾರ್ ಬಡಾಯಿ ನಡೆಯುವುದಿಲ್ಲ. ಸೇತುವೆ, ಬೋರ್ಡು, ಕಂಬಿ ಎಲ್ಲವೂ ಅದಕ್ಕೆ ನಿಂತ ವಸ್ತುಗಳೇ. ಪ್ರತಿಯೊಂದಕ್ಕೂ ಬ್ರೇಕ್ ಹಾಕಿದರೆ ಕಾರು ಮುಂದೆ ಹೋಗಲ್ಲ, ಅದಕ್ಕೆ ಅಂಥ ಸಿಗ್ನಲ್ಲುಗಳನ್ನು ಬಹಳಷ್ಟು ಸಲ ಪಕ್ಕಕ್ಕಿಟ್ಟು ಕ್ಯಾಮೆರಾ ಹೌದು ಅಂದ ಮೇಲಷ್ಟೇ ನಂಬುತ್ತದೆ. ಹಿಂದೆ ದೀಪವಿಲ್ಲದೆ, ರಿಫ್ಲೆಕ್ಟರಿಗೆ ಮಣ್ಣು ಮೆತ್ತಿಕೊಂಡು ರಾತ್ರಿ ರಸ್ತೆ ಬದಿ ನಿಂತ ಟ್ರ್ಯಾಕ್ಟರ್ ಟ್ರೈಲರನ್ನು ಕ್ಯಾಮೆರಾ ತಡವಾಗಿ ಗುರುತಿಸಿದರೆ ರೇಡಾರ್ ಇದ್ದೂ ಏನು ಬಂತು? ಎರಡು ಕಾರಲ್ಲೂ ಇಂಥ ಕಡೆ ಮೊದಲು ಬ್ರೇಕ್ ಒತ್ತಿದ್ದು ನಾನೇ.

ಭಾವನ ಕಾರಿನ ಇನ್ನೊಂದು ಕಿರಿಕಿರಿ ಅಂತರ. ಮುಂದೆ ಒಂದಿಷ್ಟು ಜಾಗ ಬಿಟ್ಟರೆ ಸಾಕು, ಬೈಕಿನವನು ನುಗ್ಗುತ್ತಾನೆ, ಕಾರು ಗಕ್ಕನೆ ನಿಧಾನವಾಗುತ್ತದೆ, ಹಿಂದಿನ ಬಸ್ಸಿನವನು ಹಾರ್ನ್ ಹೊಡೆಯುತ್ತಾನೆ.

ಜಗಳೂರು ರಸ್ತೆಗೆ ಇಳಿದರೆ ಹೋಲಿಕೆಯೇ ಬೇರೆ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿ ಸುತ್ತ ಕಲ್ಲಿಟ್ಟಿರುತ್ತಾರೆ. ಅದನ್ನು ತಪ್ಪಿಸೋಕೆ ನಾನು ಬಲಕ್ಕೆ ತಿರುಗಿಸಿದರೆ, ಕಾರನ್ನು ರಸ್ತೆಯ ಗೆರೆಯೊಳಗೇ ಇಡಲು ನೋಡುವ ಲೇನ್ ಅಸಿಸ್ಟ್ ಸ್ಟಿಯರಿಂಗನ್ನು ಎಡಕ್ಕೇ ಎಳೆಯುತ್ತದೆ, ಹಗ್ಗ ಎಳೆಯುವ ಎತ್ತಿನ ಹಾಗೆ. ಇಂಡಿಕೇಟರ್ ಹಾಕಿದರೆ ಸುಮ್ನಾಗುತ್ತದೆ. ಕುರಿಹಿಂಡು ಬಂದಾಗ ನನ್ನ ಕಾರಿನ ಪರದೆಯಲ್ಲಿ ಕಾಣಿಸಿದ್ದು ಕುರಿ ಕಾಯುವವರು ಮಾತ್ರ, ಕುರಿ ಒಂದೂ ಇಲ್ಲ! ಭಾವನದ್ದರಲ್ಲೂ ಅದೇ ಕಥೆ. ಇಂಥ ವ್ಯವಸ್ಥೆ ರಸ್ತೆಯ ಚಿತ್ರಗಳನ್ನು ನೋಡಿಯೇ ವಸ್ತು ಗುರುತಿಸಲು ಕಲಿಯುತ್ತದೆ, ಆದ್ರೆ ಸಂಶೋಧಕರು ಜಾಸ್ತಿ ಬಳಸಿದ ಕಿಟ್ಟಿ, ಸಿಟಿಸ್ಕೇಪ್ಸ್ ಅನ್ನುವ ಸಂಗ್ರಹಗಳ ಚಿತ್ರಗಳು ಬಹುಪಾಲು ಜರ್ಮನಿಯ ರಸ್ತೆಗಳದ್ದು, ಅಲ್ಲಿ ಕುರಿಹಿಂಡು ಎಲ್ಲಿ ಬರಬೇಕು ಅಲ್ವಾ. 2018ರಲ್ಲಿ ಹೈದರಾಬಾದಿನ ಐಐಐಟಿಯವರು ಹೈದರಾಬಾದ್, ಬೆಂಗಳೂರು ಸುತ್ತ ಚಿತ್ರ ತೆಗೆದು, ಆಟೋಗೂ ಪ್ರಾಣಿಗೂ ಬೇರೆ ಬೇರೆ ಹೆಸರು ಕೊಟ್ಟು ಐಡಿಡಿ ಅನ್ನುವ ಚಿತ್ರಸಂಗ್ರಹ ಹೊರತಂದರು. ಇಂಥದ್ದು ಇನ್ನೂ ಬೇಕು.

ಹೆದ್ದಾರಿ ಓಡಾಟ ಜಾಸ್ತಿ ಇದ್ದರೆ ದುಡ್ಡು ಕೊಟ್ಟು ರೇಡಾರ್ ಇರುವುದನ್ನೇ ತಗೊಳ್ಳಿ. ಹಳ್ಳಿ ರಸ್ತೆಗೆ ಅಂತ ಹೆಚ್ಚಿನ ದುಡ್ಡು ದಂಡ, ಅಲ್ಲಿ ಯಾವ ಕಾರಾದರೂ ಲೇನ್ ಅಸಿಸ್ಟ್ ಆಫ್ ಮಾಡಿಯೇ ಓಡಿಸುತ್ತೇನೆ. ಕೊಳ್ಳುವ ಮೊದಲು ಮ್ಯಾನುಯಲ್ ಕೇಳಿ ಪಡೆಯಿರಿ, ನಿಂತ ವಾಹನ ಕಂಡರೆ ಎಷ್ಟು ವೇಗದವರೆಗೆ ತಾನಾಗಿ ಬ್ರೇಕ್ ಹಾಕುತ್ತದೆ ಅಂತ ನೋಡಿ, ಟೆಸ್ಟ್ ಡ್ರೈವನ್ನು ಸಂಜೆ ಸೂರ್ಯನಿಗೆ ಎದುರಾಗಿಯೇ ಮಾಡಿ.