ಬಿ.ಎ.ಯಿಂದ ಎಂ.ಎ.ವರೆಗೆ ಬಳಸಿದ ಕಾಲೇಜು ಗ್ರಂಥಾಲಯ: ಒಂದು ವಿಮರ್ಶೆ

ಜಿಲ್ಲಾ ಕೇಂದ್ರವೊಂದರ ಖಾಸಗಿ ಅನುದಾನಿತ ಕಾಲೇಜಿಗೆ 2021ರಲ್ಲಿ ಬಿ.ಎ. ವಿದ್ಯಾರ್ಥಿಯಾಗಿ ಸೇರಿದ ನಾನು ಈಗ ಅಲ್ಲಿಯೇ ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಪಿಯುಸಿವರೆಗೆ ನನ್ನದು ಕನ್ನಡ ಮಾಧ್ಯಮ. ಪ್ರತಿ ವರ್ಷದ ಶುಲ್ಕದ ರಸೀದಿಯಲ್ಲಿ ಗ್ರಂಥಾಲಯ ಶುಲ್ಕವೆಂಬ ಒಂದು ಸಾಲು ಇದ್ದೇ ಇರುತ್ತದೆ. ಆ ಹಣಕ್ಕೆ ಪ್ರತಿಯಾಗಿ ಏನು ಸಿಗುತ್ತದೆ ಎಂದು ಕೇಳುವವರು ಮಾತ್ರ ವಿರಳ. ಎರಡು ಪುಸ್ತಕ ಹದಿನೈದು ದಿನ ಎರವಲು ಸಿಗುತ್ತದೆ ಎನ್ನುವಷ್ಟಕ್ಕೆ ಹೆಚ್ಚಿನವರ ತಿಳಿವಳಿಕೆ ನಿಲ್ಲುತ್ತದೆ. ಇಷ್ಟು ವರ್ಷಗಳ ಬಳಕೆಯ ನಂತರ ನನ್ನ ಅಭಿಪ್ರಾಯವೆಂದರೆ, ಈ ಗ್ರಂಥಾಲಯದಲ್ಲಿ ಅತ್ಯಂತ ಬೆಲೆಬಾಳುವುದು ಕಪಾಟಿನಲ್ಲಿ ಕಾಣುವುದಿಲ್ಲ ಮತ್ತು ಕೇಳದೆ ಅದನ್ನು ಯಾರೂ ಕೊಡುವುದಿಲ್ಲ.

ಕಪಾಟಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಪಠ್ಯಪುಸ್ತಕಗಳ ಸಂಗ್ರಹ ಸಾಧಾರಣ. ನಾವು ಸೇರಿದ ವರ್ಷವೇ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂದಿತು. 2024ರಲ್ಲಿ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಮೂರೇ ವರ್ಷಗಳ ಅಂತರದಲ್ಲಿ ಎರಡು ಬಾರಿ ಪಠ್ಯಕ್ರಮ ಬದಲಾದರೆ ಯಾವ ಗ್ರಂಥಾಲಯದ ಬಜೆಟ್ಟೂ ತಾಳಿಕೊಳ್ಳುವುದಿಲ್ಲ, ಆದ್ದರಿಂದ ಹಳೆಯ ಪುಸ್ತಕಗಳು ಸಾಲುಗಟ್ಟಿ ನಿಂತಿರುವುದಕ್ಕೆ ಗ್ರಂಥಪಾಲಕರನ್ನು ದೂರುವುದು ನ್ಯಾಯವಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ವಿದ್ಯಾರ್ಥಿಗಳಿಗೆ ಬುಕ್ ಬ್ಯಾಂಕ್ ಯೋಜನೆಯಡಿ ಸೆಮಿಸ್ಟರ್ ಪೂರ್ತಿ ಪುಸ್ತಕ ಕೊಡುತ್ತಾರೆ. ಅದು ಚೆನ್ನಾಗಿ ನಡೆಯುತ್ತಿದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ವಿಷಯವಾರು ಬೈಂಡ್ ಮಾಡಿಸಿ ಇಟ್ಟಿದ್ದಾರೆ, ಪರೀಕ್ಷೆಯ ತಿಂಗಳಲ್ಲಿ ಅವು ಮೇಜಿನಿಂದ ಮೇಜಿಗೆ ಓಡಾಡುತ್ತಲೇ ಇರುತ್ತವೆ.

ಪುಸ್ತಕ ಹುಡುಕುವ ವ್ಯವಸ್ಥೆಯ ಬಗ್ಗೆ ಹೊಸಬರಿಗೆ ಒಂದು ಎಚ್ಚರಿಕೆ. ಇಲ್ಲಿ ‘ಕೋಹಾ’ ಎಂಬ ಮುಕ್ತ ತಂತ್ರಾಂಶವಿದೆ. ಇಂಗ್ಲಿಷ್ ಪುಸ್ತಕಗಳ ಮಟ್ಟಿಗೆ ಅದು ನಂಬಿಕಸ್ಥ. ಕನ್ನಡ ಪುಸ್ತಕಗಳ ಶೀರ್ಷಿಕೆಗಳನ್ನು ಮಾತ್ರ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ರೋಮನ್ ಅಕ್ಷರಗಳಲ್ಲಿ ತಮಗೆ ತೋಚಿದ ಕಾಗುಣಿತದಲ್ಲಿ ನಮೂದಿಸಿದ್ದಾರೆ. ಅರ್ಥಶಾಸ್ತ್ರ ಎಂದು ಕನ್ನಡದಲ್ಲಿ ಟೈಪಿಸಿದರೆ ಫಲಿತಾಂಶ ಸೊನ್ನೆ. ರೋಮನ್‌ನಲ್ಲಿ ದೀರ್ಘಕ್ಕೆ ಒಂದು ‘ಎ’ ಹಾಕಿದರೆ ಕೆಲವು, ಎರಡು ಹಾಕಿದರೆ ಬೇರೆ ಕೆಲವು. ಹಾಗಾಗಿ ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ವರ್ಗೀಕರಣದ ಒಂದೆರಡು ಸಂಖ್ಯೆಗಳನ್ನು ನೆನಪಿಟ್ಟುಕೊಂಡು ನೇರವಾಗಿ ಕಪಾಟಿಗೆ ಹೋಗುವುದೇ ಲೇಸು: 330 ಅರ್ಥಶಾಸ್ತ್ರ, 954.87 ಕರ್ನಾಟಕದ ಇತಿಹಾಸ, 894.814 ಕನ್ನಡ ಸಾಹಿತ್ಯ. ಕಂಪ್ಯೂಟರ್ ಇಲ್ಲ ಎಂದ ಪುಸ್ತಕ 330ರ ಕೆಳಸಾಲಿನಲ್ಲಿ ಧೂಳು ಹಿಡಿದು ಕುಳಿತಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ಇನ್ನು ಕೇಳದೆ ಸಿಗದ ಸಂಪತ್ತಿನ ವಿಷಯ. ಗುಜರಾತಿನ ಗಾಂಧಿನಗರದಲ್ಲಿರುವ ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಎನ್-ಲಿಸ್ಟ್’ ಯೋಜನೆಗೆ ನಮ್ಮ ಕಾಲೇಜು ಸದಸ್ಯತ್ವ ಪಡೆದಿದೆ. ಕಾಲೇಜುಗಳಿಗೆಂದೇ 2010ರಲ್ಲಿ ಆರಂಭವಾದ ಈ ಯೋಜನೆಯಲ್ಲಿ 6,000ಕ್ಕೂ ಹೆಚ್ಚು ಇ-ಜರ್ನಲ್‌ಗಳೂ (ವಿದ್ವತ್ ಪತ್ರಿಕೆಗಳು) ಲಕ್ಷಗಟ್ಟಲೆ ಇ-ಪುಸ್ತಕಗಳೂ ಮನೆಯಲ್ಲೇ ಮೊಬೈಲಿನಲ್ಲಿ ಓದಲು ಸಿಗುತ್ತವೆ. ಆದರೆ ಪ್ರತಿ ವಿದ್ಯಾರ್ಥಿಗೂ ಪ್ರತ್ಯೇಕ ಯೂಸರ್ ಐಡಿ ಬೇಕು ಮತ್ತು ಅದನ್ನು ಗ್ರಂಥಪಾಲಕರೇ ಮಾಡಿಕೊಡಬೇಕು. ಇದನ್ನು ಪ್ರವೇಶದ ದಿನವೇ ಎಲ್ಲರಿಗೂ ಮಾಡಿಕೊಟ್ಟರೆ ಏನು ತೊಂದರೆಯೋ ನನಗೆ ಇಂದಿಗೂ ಅರ್ಥವಾಗಿಲ್ಲ. ನನಗೆ ಐಡಿ ದೊರೆತದ್ದು ಎರಡನೆಯ ವರ್ಷದಲ್ಲಿ, ಅದೂ ಸೆಮಿನಾರ್‌ಗೆಂದು ಮೇಷ್ಟ್ರು ‘ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯ ಲೇಖನವೊಂದನ್ನು ಓದಿಕೊಂಡು ಬರಲು ಹೇಳಿದ ಮೇಲೆ. ನನ್ನ ತರಗತಿಯ ಬಹುಪಾಲು ಗೆಳೆಯರು ಹೀಗೊಂದು ಸೌಲಭ್ಯವಿದೆ ಎಂಬುದನ್ನೇ ಅರಿಯದೆ ಪದವಿ ಮುಗಿಸಿದರು; ಇಂಟರ್‌ನಲ್ಸ್‌ಗೆ ಗೈಡ್, ಅಸೈನ್‌ಮೆಂಟ್‌ಗೆ ಜೆರಾಕ್ಸ್ ಅಂಗಡಿಯ ನೋಟ್ಸ್, ಅಷ್ಟರಲ್ಲಿ ಅವರ ಓದು ಮುಗಿಯುತ್ತಿತ್ತು.

ಐಡಿ ಸಿಕ್ಕ ಮಾತ್ರಕ್ಕೆ ಓದು ಸಲೀಸಾಗುವುದೂ ಇಲ್ಲ. ಅಲ್ಲಿರುವುದು ಹೆಚ್ಚುಕಡಿಮೆ ಎಲ್ಲವೂ ಇಂಗ್ಲಿಷ್. ಕನ್ನಡ ಮಾಧ್ಯಮದಿಂದ ಬಂದವರು ಇಪ್ಪತ್ತು ಪುಟದ ಲೇಖನವನ್ನು ಮೊದಲ ಸಾಲಿನಿಂದ ಆರಂಭಿಸಿದರೆ ಮೂರನೆಯ ಪುಟಕ್ಕೆ ಕೈಚೆಲ್ಲುವುದು ಖಂಡಿತ. ಇದಕ್ಕೆ ಗ್ರಂಥಪಾಲಕರಾದ ಮೇಡಂ ಹೇಳಿಕೊಟ್ಟ ಕ್ರಮ ಸರಳವಾಗಿತ್ತು: ಮೊದಲು ಸಾರಾಂಶ, ಆಮೇಲೆ ಕೋಷ್ಟಕಗಳು ಮತ್ತು ಅವುಗಳ ತಲೆಬರಹ, ಅನಂತರ ಕೊನೆಯ ಭಾಗ, ಇಷ್ಟಾದ ಮೇಲೂ ಲೇಖನ ಬೇಕೆನಿಸಿದರೆ ಮಾತ್ರ ನಡುವಿನ ಪುಟಗಳು. ಜೊತೆಗೆ ಪಿಎಚ್.ಡಿ. ಪ್ರಬಂಧಗಳ ಜಾಲತಾಣವಾದ ‘ಶೋಧಗಂಗಾ’ದಲ್ಲಿ ಅದೇ ವಿಷಯದ ಮೇಲೆ ಕರ್ನಾಟಕದ ವಿಶ್ವವಿದ್ಯಾಲಯಗಳಿಗೆ ಸಲ್ಲಿಕೆಯಾದ ಪಿಎಚ್.ಡಿ. ಪ್ರಬಂಧಗಳಿವೆಯೇ ನೋಡು, ಕನ್ನಡದಲ್ಲಿ ಬರೆದವೂ ಸಿಗುತ್ತವೆ ಎಂದರು. ಪ್ರಬಂಧಗಳ ಗುಣಮಟ್ಟ ಒಂದೇ ಸಮ ಇರುವುದಿಲ್ಲವಾದರೂ, ಪೂರ್ವ ಅಧ್ಯಯನಗಳನ್ನು ಸಮೀಕ್ಷಿಸುವ ಅಧ್ಯಾಯವೊಂದನ್ನು ಓದಿಕೊಂಡರೆ ಇಂಗ್ಲಿಷ್ ಲೇಖನಗಳ ಹಾದಿ ಅರ್ಧ ತಿಳಿಯಾಗುತ್ತದೆ.

2025ರ ಜನವರಿಯಲ್ಲಿ ಜಾರಿಗೆ ಬಂದ ಕೇಂದ್ರದ ‘ಒಂದು ದೇಶ ಒಂದು ಚಂದಾ’ ಯೋಜನೆಯನ್ನು ಕುರಿತು ಹಲವರು ಕೇಳುತ್ತಾರೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳನ್ನು ಒಳಗೊಂಡ ಆ ಯೋಜನೆಯನ್ನು ರೂಪಿಸಿರುವುದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಆಡಳಿತದಲ್ಲಿರುವ ಸಂಸ್ಥೆಗಳಿಗಾಗಿ. ಖಾಸಗಿ ಆಡಳಿತ ಮಂಡಳಿಯ ಅನುದಾನಿತ ಕಾಲೇಜಿನವರಾದ ನಮಗೆ ಸದ್ಯಕ್ಕೆ ಎನ್-ಲಿಸ್ಟೇ ಗತಿ.

ಅಧ್ಯಯನ ಕೌಶಲದ ತರಗತಿಗಳ ಬಗ್ಗೆ ನನ್ನದು ಮಿಶ್ರ ಅಭಿಪ್ರಾಯ. ಹೊರಗಿನಿಂದ ತರಬೇತುದಾರರನ್ನು ಕರೆಸಿ ಸಭಾಂಗಣದಲ್ಲಿ ನಡೆಸುವ ಕಾರ್ಯಾಗಾರಗಳಿಂದ ನನಗೇನೂ ಪ್ರಯೋಜನವಾಗಲಿಲ್ಲ. ಕನಸು ಕಾಣಿ, ಗುರಿ ಇಟ್ಟುಕೊಳ್ಳಿ ಎಂಬ ಮಾತು, ಎರಡು ಚಪ್ಪಾಳೆ, ಒಂದು ಪ್ರಮಾಣಪತ್ರ. ಶನಿವಾರ ಮಧ್ಯಾಹ್ನ ಓದುಕೋಣೆಯ ಮೂಲೆಯ ಮೇಜಿನಲ್ಲಿ ಅದೇ ಮೇಡಂ ಮತ್ತು ನಮ್ಮ ವಿಭಾಗದ ಅಧ್ಯಾಪಕರೊಬ್ಬರು ಸೇರಿ ನಡೆಸುವ ಒಂದು ಗಂಟೆಯ ತರಗತಿಯ ತೂಕವೇ ಬೇರೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1950ರ ದಶಕದಲ್ಲಿ ರೂಪುಗೊಂಡ ಟಿಪ್ಪಣಿ ಕ್ರಮವನ್ನು ನಾನು ಕಲಿತದ್ದು ಅಲ್ಲಿ: ಪುಟದ ಎಡಕ್ಕೆ ಒಂದು ಕಿರಿದಾದ ಪಟ್ಟಿ ಬಿಟ್ಟು, ಬಲಕ್ಕೆ ಪಾಠದ ಟಿಪ್ಪಣಿ ಬರೆದು, ಮನೆಗೆ ಹೋದ ಮೇಲೆ ಎಡಪಟ್ಟಿಯಲ್ಲಿ ಅದಕ್ಕೆ ಪ್ರಶ್ನೆಗಳನ್ನು ಬರೆಯುವುದು, ಬಲಭಾಗವನ್ನು ಕೈಯಿಂದ ಮುಚ್ಚಿ ಉತ್ತರ ಹೇಳಿಕೊಳ್ಳುವುದು. ಪುಸ್ತಕದ ತುಂಬಾ ಹಳದಿ ಗೆರೆ ಎಳೆಯುವ ನಮ್ಮ ಅಭ್ಯಾಸಕ್ಕೆ ಬೆಲೆ ಇಲ್ಲವೆಂದೂ ಅಲ್ಲಿಯೇ ತಿಳಿಯಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಡನ್‌ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ಹತ್ತು ಕಲಿಕಾ ವಿಧಾನಗಳನ್ನು ಪರಿಶೀಲಿಸಿ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದನ್ನೂ ಓದನ್ನು ದಿನಗಳ ಅಂತರದಲ್ಲಿ ಹಂಚಿಕೊಳ್ಳುವುದನ್ನೂ ಹೆಚ್ಚು ಉಪಯುಕ್ತವೆಂದು, ಗೆರೆ ಎಳೆಯುವುದನ್ನೂ ಮತ್ತೆ ಮತ್ತೆ ಓದುವುದನ್ನೂ ಕಡಿಮೆ ಉಪಯುಕ್ತವೆಂದು ಗುರುತಿಸಿದ್ದರು. ಮೇಡಂ ಅದನ್ನು ಹೇಳಿ ಸುಮ್ಮನಾಗಲಿಲ್ಲ. ಬೈಂಡ್ ಮಾಡಿದ ಹಳೆಯ ಪ್ರಶ್ನೆಪತ್ರಿಕೆಯಿಂದ ಹತ್ತು ಅಂಕದ ಒಂದು ಪ್ರಶ್ನೆ ಆರಿಸಿ, ಪುಸ್ತಕ ಮುಚ್ಚಿಸಿ, ಇಪ್ಪತ್ತು ನಿಮಿಷ ಬರೆಸಿದರು. ಬರೆದದ್ದರಲ್ಲಿ ಏನು ಬಿಟ್ಟುಹೋಗಿದೆ ಎಂಬುದನ್ನು ನಾವೇ ಕೆಂಪು ಪೆನ್ನಿನಲ್ಲಿ ತುಂಬಬೇಕಾಗಿತ್ತು. ಮೊದಮೊದಲು ಪುಟದಲ್ಲಿ ನೀಲಿಗಿಂತ ಕೆಂಪೇ ಹೆಚ್ಚಿರುತ್ತಿತ್ತು.

ಈ ತರಗತಿಗೆ ಬರುವವರು ಹನ್ನೆರಡು ಹದಿನೈದು ಮಂದಿ ಮಾತ್ರ. ಅದು ವೇಳಾಪಟ್ಟಿಯಲ್ಲಿಲ್ಲ, ಅಂಕವಿಲ್ಲ, ಮೂರೂವರೆಯ ಬಸ್ಸು ಹಿಡಿಯಬೇಕಾದ ಹಳ್ಳಿಯ ಹುಡುಗಿಯರು ಬಯಸಿದರೂ ಕೂರಲಾಗುವುದಿಲ್ಲ. ಅದನ್ನು ವಾರದ ನಡುವಿನ ಒಂದು ಪೀರಿಯಡ್‌ಗೆ ತರಬೇಕೆಂದು ನಾವು ಬರೆದುಕೊಟ್ಟ ಮನವಿ ಕಚೇರಿಯಲ್ಲಿಯೇ ಇದೆ.

ಓದುಕೋಣೆ ಐದು ಗಂಟೆಗೆ ಮುಚ್ಚುತ್ತದೆ, ಭಾನುವಾರ ತೆರೆಯುವುದಿಲ್ಲ. ಪಿಡಿಒ, ಎಫ್‌ಡಿಎ ಪರೀಕ್ಷೆಗಳ ಅಧಿಸೂಚನೆ ಹೊರಟ ತಿಂಗಳುಗಳಲ್ಲಿ ಬೆಳಿಗ್ಗೆ ಹತ್ತರ ನಂತರ ಬಂದವರಿಗೆ ಕುರ್ಚಿ ಸಿಗುವುದು ಕಷ್ಟ. ಸಂಜೆಯ ಓದಿಗೆ ನಾನು ನಗರದ ಸಾರ್ವಜನಿಕ ಗ್ರಂಥಾಲಯವನ್ನು ಅವಲಂಬಿಸಿದ್ದೇನೆ.

ಹೊಸದಾಗಿ ಸೇರುವವರು ಮೊದಲ ವಾರವೇ ಗುರುತಿನ ಚೀಟಿ ಹಿಡಿದು ಹೋಗಿ ಎನ್-ಲಿಸ್ಟ್ ಐಡಿ ಕೇಳಿ ಪಡೆಯಬೇಕು. ಪಾಸ್‌ವರ್ಡ್ ಇಮೇಲ್‌ಗೆ ಬರುವುದರಿಂದ ಸೈಬರ್ ಸೆಂಟರ್‌ನವರು ಮಾಡಿಕೊಟ್ಟ, ಆಮೇಲೆ ಮರೆತುಹೋಗುವ ಇಮೇಲ್ ವಿಳಾಸವನ್ನು ಕೊಡಬಾರದು. ಕೊನೆಯ ಸೆಮಿಸ್ಟರ್‌ನವರು ನೋ ಡ್ಯೂ ಪ್ರಮಾಣಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಮೊದಲೇ ಬೇಕಾದ ಲೇಖನಗಳನ್ನು ಉಳಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕಾಲೇಜು ಬಿಟ್ಟ ಮೇಲೆ ಐಡಿ ರದ್ದಾಗುತ್ತದೆ. ಶೋಧಗಂಗಾ ಮಾತ್ರ ಯಾವ ಐಡಿಯೂ ಇಲ್ಲದೆ ಎಲ್ಲರಿಗೂ ತೆರೆದಿರುತ್ತದೆ.